ಲೇಟಾಗಿದ್ದಕ್ಕೆ ಸಂಬಳ ಕಟ್, ಮೆಮೊ, ಡಿಸ್ಮಿಸ್: ಎಲ್ಲಿಯವರೆಗೆ ಸರಿ, ನೀವೇನು ಮಾಡಬೇಕು?

"ಮೂರು ಸಲ ಲೇಟಾದ್ರೆ ಅರ್ಧ ದಿನದ ಸಂಬಳ ಕಟ್ ಮಾಡ್ತಾರೆ, ಇದು ಸರೀನಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಪೀಣ್ಯದ ಗಾರ್ಮೆಂಟ್ಸ್‌ನವರೂ ಇದ್ದಾರೆ, ಹೊರ ವರ್ತುಲ ರಸ್ತೆಯ ಐಟಿಯವರೂ ಇದ್ದಾರೆ, ಜಿಲ್ಲಾ ಕೇಂದ್ರದ ಬಟ್ಟೆ ಅಂಗಡಿಯವರೂ ಇದ್ದಾರೆ. ಎಲ್ಲರಿಗೂ ಸೇರಿಸಿ ಒಂದೇ ಕಡೆ ಬರೆದಿದ್ದೇನೆ. ಸರ್ಕಾರಿ ನೌಕರರಿಗೆ ಬೇರೆಯೇ ಸೇವಾ ನಿಯಮಗಳಿವೆ, ಅವರನ್ನು ಇಲ್ಲಿ ಸೇರಿಸಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೊತ್ತಿಗೆ ಸರಿಯಾಗಿ ಬರುವುದು ಕೆಲಸದ ಷರತ್ತು. ಅದನ್ನು ಕೇಳುವ ಹಕ್ಕು ಮಾಲೀಕರಿಗೆ ಇದ್ದೇ ಇದೆ. ಸಿಲ್ಕ್ ಬೋರ್ಡ್‌ನಲ್ಲಿ ಟ್ರಾಫಿಕ್ ಇತ್ತು ಅನ್ನುವ ಕಾರಣ ನಿಜವೇ ಇರಬಹುದು, ಆದರೆ ಅದು ಕಾನೂನಿನ ರಕ್ಷಣೆ ಅಲ್ಲ. ಕಾನೂನು ನೋಡುವುದು ಬೇರೆ ವಿಷಯವನ್ನು: ತಡವಾಗಿದ್ದಕ್ಕೆ ಎಷ್ಟು ಕಡಿತ ಮಾಡಬಹುದು, ಅದಕ್ಕಿಂತ ಜಾಸ್ತಿ ಶಿಕ್ಷೆ ಕೊಡಬೇಕಾದರೆ ಯಾವ ದಾರಿಯಲ್ಲಿ ಹೋಗಬೇಕು. ಬಹಳಷ್ಟು ಕಂಪನಿಗಳು ಎಡವುವುದು ಇಲ್ಲೇ.

ಹಂತ 1: ನೀವು ಯಾವ ಕಾನೂನಿನ ಕೆಳಗೆ ಬರುತ್ತೀರಿ ನೋಡಿಕೊಳ್ಳಿ

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಮ್ಮ ವಿಷಯಕ್ಕೆ ಮುಖ್ಯವಾದವು ಎರಡು. ವೇತನ ಸಂಹಿತೆ 2019 ಸಂಬಳ ಮತ್ತು ಕಡಿತದ ಬಗ್ಗೆ. ಕೈಗಾರಿಕಾ ಸಂಬಂಧಗಳ ಸಂಹಿತೆ 2020 ಶಿಸ್ತು ಕ್ರಮ ಮತ್ತು ವಿವಾದಗಳ ಬಗ್ಗೆ.

ಮೊದಲು 1936ರ ವೇತನ ಪಾವತಿ ಕಾಯ್ದೆ ಇತ್ತು. ಅದರಲ್ಲಿ ತಿಂಗಳಿಗೆ 24,000 ರೂಪಾಯಿ ಸಂಬಳದ ಮಿತಿ ಇತ್ತು, ಅದಕ್ಕಿಂತ ಜಾಸ್ತಿ ಪಡೆಯುವವರಿಗೆ ಕಡಿತದ ರಕ್ಷಣೆ ಸಿಗುತ್ತಿರಲಿಲ್ಲ. ಹೊಸ ವೇತನ ಸಂಹಿತೆಯಲ್ಲಿ ಆ ಮಿತಿ ಇಲ್ಲ. ಲಕ್ಷ ರೂಪಾಯಿ ಸಂಬಳದ ಸಾಫ್ಟ್‌ವೇರ್ ಎಂಜಿನಿಯರ್‌ಗೂ ಕಡಿತದ ನಿಯಮ ಒಂದೇ. ಐಟಿಯವರು ಇದನ್ನು ಗಮನಿಸಬೇಕು. "ಅದೆಲ್ಲ ಫ್ಯಾಕ್ಟರಿಯವರಿಗೆ" ಅನ್ನುವ ಕಾಲ ಹೋಯಿತು.

ಕೆಲಸದಿಂದ ತೆಗೆಯುವ ವಿಷಯದಲ್ಲಿ ಮಾತ್ರ ವ್ಯತ್ಯಾಸ ಇದೆ. ಮ್ಯಾನೇಜರ್ ಹುದ್ದೆಯಲ್ಲಿ ಇರುವವರು, ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಪಡೆಯುವ ಸೂಪರ್‌ವೈಸರ್‌ಗಳು ಕೈಗಾರಿಕಾ ಸಂಬಂಧಗಳ ಸಂಹಿತೆಯ ಲೆಕ್ಕದಲ್ಲಿ 'ಕಾರ್ಮಿಕ' ಅಲ್ಲ. ಗಮನಿಸಿ, ಇಲ್ಲಿ ನೋಡುವುದು ನೀವು ನಿಜವಾಗಿ ಮಾಡುವ ಕೆಲಸವನ್ನು, ವಿಸಿಟಿಂಗ್ ಕಾರ್ಡ್ ಮೇಲಿನ ಹೆಸರನ್ನಲ್ಲ. ಯಾರ ರಜೆಗೂ ಸಹಿ ಹಾಕದ, ಯಾರನ್ನೂ ನೋಡಿಕೊಳ್ಳದ 'ಅಸಿಸ್ಟೆಂಟ್ ಮ್ಯಾನೇಜರ್'ಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅಂಗಡಿ, ಹೋಟೆಲ್, ಆಫೀಸುಗಳಲ್ಲಿ ಕೆಲಸ ಮಾಡುವವರಿಗೆ ಇದರ ಜೊತೆಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961 ಇದೆ. ಅದರ 39ನೇ ಕಲಂ ಪ್ರಕಾರ, ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವಂತಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕು. ನೋಟಿಸ್ ಇಲ್ಲದೆ ತೆಗೆಯಬೇಕೆಂದರೆ ದುರ್ನಡತೆಯನ್ನು ವಿಚಾರಣೆ ನಡೆಸಿ ಸಾಬೀತು ಮಾಡಿರಬೇಕು.

ಹಂತ 2: ನಿಮ್ಮ ಕಂಪನಿಯ ನಿಯಮವನ್ನು ಕಾಗದದ ಮೇಲೆ ನೋಡಿ

300 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ 'ಸ್ಟ್ಯಾಂಡಿಂಗ್ ಆರ್ಡರ್ಸ್' ಇರಲೇಬೇಕು. ಕನ್ನಡದಲ್ಲಿ ಸ್ಥಾಯಿ ಆದೇಶಗಳು ಅನ್ನುತ್ತಾರೆ. ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ನಿಮಿಷ ಗ್ರೇಸ್ ಟೈಮ್, ಯಾವುದು ದುರ್ನಡತೆ, ಅದಕ್ಕೆ ಏನು ಶಿಕ್ಷೆ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಚಿಕ್ಕ ಕಂಪನಿಯಾದರೆ ನೇಮಕಾತಿ ಪತ್ರ ಮತ್ತು ಎಚ್‌ಆರ್ ಪಾಲಿಸಿ ನೋಡಬೇಕು. ನೇಮಕಾತಿ ಪತ್ರ ಕೊಟ್ಟೇ ಇಲ್ಲವಾ? ಕೇಳಿ ಪಡೆಯಿರಿ. ಹೊಸ ಸಂಹಿತೆಗಳ ಪ್ರಕಾರ ಅದನ್ನು ಕೊಡುವುದು ಕಡ್ಡಾಯ.

ಓದುವಾಗ ಒಂದು ಶಬ್ದವನ್ನು ಹುಡುಕಿ. 1946ರ ಹಳೆಯ ಕಾಯ್ದೆಯ ಮಾದರಿ ಸ್ಥಾಯಿ ಆದೇಶಗಳಲ್ಲಿ ದುರ್ನಡತೆ ಎಂದು ಬರೆದಿರುವುದು ತಡವಾಗಿ ಬರುವುದನ್ನಲ್ಲ, *ರೂಢಿಯಾಗಿ* ತಡವಾಗಿ ಬರುವುದನ್ನು. ಹೆಚ್ಚಿನ ಕಂಪನಿಗಳು ಇದನ್ನೇ ತಮ್ಮ ನಿಯಮದಲ್ಲಿ ಇಳಿಸಿಕೊಂಡಿವೆ. ಅಂದರೆ ಒಂದು ಸಲ, ಎರಡು ಸಲ ಲೇಟಾಗಿದ್ದಕ್ಕೆ ಆ ಮಿನಿಟುಗಳ ಸಂಬಳ ಕಡಿತ ಆಗಬಹುದು, ಶಿಸ್ತು ಕ್ರಮಕ್ಕೆ ಮಾತ್ರ ರೂಢಿ ಅನ್ನುವುದನ್ನು ಅವರು ತೋರಿಸಬೇಕು.

ಹಂತ 3: ಕಡಿತದ ಲೆಕ್ಕವನ್ನು ನೀವೇ ಹಾಕಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ.

ಕೆಲಸಕ್ಕೆ ಬಾರದ ಹೊತ್ತಿನ ಸಂಬಳವನ್ನು ಹಿಡಿಯಬಹುದು. ಆದರೆ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟರ ಪ್ರಮಾಣದಲ್ಲಿ ಮಾತ್ರ, ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಹಳೆಯ ಕಾಯ್ದೆಯ 9ನೇ ಕಲಂ ಇದನ್ನೇ ಹೇಳುತ್ತಿತ್ತು, ವೇತನ ಸಂಹಿತೆಯ 20ನೇ ಕಲಂ ಈಗಲೂ ಅದನ್ನೇ ಹೇಳುತ್ತದೆ.

ಒಂದು ಲೆಕ್ಕ ನೋಡಿ. ತಿಂಗಳ ಸಂಬಳ 18,000 ರೂಪಾಯಿ, 26 ದಿನ ಕೆಲಸ, ದಿನಕ್ಕೆ 8 ಗಂಟೆ ಅಂದುಕೊಳ್ಳಿ.

ಒಂದು ದಿನಕ್ಕೆ: 18,000 ÷ 26 = 692 ರೂ. 31 ಪೈಸೆ
ಒಂದು ಗಂಟೆಗೆ: 692.31 ÷ 8 = 86 ರೂ. 54 ಪೈಸೆ
ಮೂರು ದಿನ ತಡ: 10 + 15 + 20 = 45 ನಿಮಿಷ
ಹಿಡಿಯಬಹುದಾದ್ದು: ಸುಮಾರು 65 ರೂಪಾಯಿ
ಕಂಪನಿ ಹಿಡಿದದ್ದು (ಅರ್ಧ ದಿನ): ಸುಮಾರು 346 ರೂಪಾಯಿ

ನಡುವಿನ 281 ರೂಪಾಯಿ ಏನು? ನೀವು ಕೆಲಸ ಮಾಡಿದ ಹೊತ್ತಿನ ಸಂಬಳ ಅದು. ಪೇ ಸ್ಲಿಪ್‌ನಲ್ಲಿ ಅದಕ್ಕೆ 'ಎಲ್‌ಒಪಿ' (ಲಾಸ್ ಆಫ್ ಪೇ, ಅಂದರೆ ಸಂಬಳವಿಲ್ಲದ ರಜೆ) ಅಂತ ಹೆಸರು ಕೊಟ್ಟರೂ ಅದು ದಂಡವೇ. ದಂಡ ಹಾಕಲು ಕಾನೂನು ಬೇರೆ ದಾರಿ ಇಟ್ಟಿದೆ, ಮತ್ತು ಆ ದಾರಿ ಸುಲಭದ್ದಲ್ಲ:

ಯಾವ ಯಾವ ತಪ್ಪಿಗೆ ದಂಡ ಅನ್ನುವ ಪಟ್ಟಿಗೆ ಸರ್ಕಾರದ ಅಥವಾ ಅದು ನೇಮಿಸಿದ ಅಧಿಕಾರಿಯ ಒಪ್ಪಿಗೆ ಮೊದಲೇ ಪಡೆದಿರಬೇಕು. ಆ ಪಟ್ಟಿಯನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ದಂಡ ಹಾಕುವ ಮೊದಲು ನಿಮ್ಮ ಕಾರಣ ಕೇಳಬೇಕು. ಒಂದು ತಿಂಗಳ ಒಟ್ಟು ದಂಡ ಆ ತಿಂಗಳ ವೇತನದ ನೂರಕ್ಕೆ 3ನ್ನು ದಾಟಬಾರದು, ನಮ್ಮ ಲೆಕ್ಕದಲ್ಲಿ 540 ರೂಪಾಯಿ. ಕಂತಿನಲ್ಲಿ ವಸೂಲಿ ಮಾಡುವಂತಿಲ್ಲ, 90 ದಿನ ಕಳೆದ ಮೇಲೆ ಹಿಡಿಯುವಂತಿಲ್ಲ. ಹಿಡಿದ ದಂಡ ಒಂದು ರಿಜಿಸ್ಟರ್‌ನಲ್ಲಿ ದಾಖಲಾಗಬೇಕು, ಆ ಹಣ ಕೆಲಸಗಾರರ ಹಿತಕ್ಕೇ ಖರ್ಚಾಗಬೇಕು. ಮಾಲೀಕರ ಜೇಬಿಗೆ ಹೋಗುವಂತಿಲ್ಲ!

ಇಲ್ಲಿ ಜನ ಬೀಳುವ ಗುಂಡಿ ಒಂದಿದೆ. "346 ರೂಪಾಯಿ 540ರ ಒಳಗೇ ಇದೆಯಲ್ಲ, ಹಾಗಾದರೆ ಸರಿ ಅಲ್ವಾ?" ಅನ್ನುತ್ತಾರೆ. ಅಲ್ಲ. ಮೇಲಿನ ಕ್ರಮಗಳನ್ನೆಲ್ಲ ಪಾಲಿಸಿದ ಮೇಲೆ ಬರುವ ಗರಿಷ್ಠ ಮಿತಿ ಅದು. ಕ್ರಮವೇ ಪಾಲಿಸದಿದ್ದರೆ ಐದು ರೂಪಾಯಿ ದಂಡವೂ ತಪ್ಪು.

ಸಂಬಳದ ಬದಲು ಅರ್ಧ ದಿನ ಕ್ಯಾಶುಯಲ್ ಲೀವ್ ಕಳೆದರೆ? ಇದು ಸ್ವಲ್ಪ ಮಸುಕಾದ ಜಾಗ. ಕ್ಯಾಶುಯಲ್ ಲೀವ್ ಸಾಮಾನ್ಯವಾಗಿ ಕಂಪನಿಯ ಪಾಲಿಸಿಯಿಂದ ಬರುವಂಥದ್ದು, ಅದರ ಷರತ್ತನ್ನು ಪಾಲಿಸಿಯೇ ಹೇಳಬಹುದು. ಕೇಂದ್ರ ಸರ್ಕಾರಿ ಕಚೇರಿಗಳಲ್ಲೇ ತಡವಾದ ದಿನಕ್ಕೆ ಅರ್ಧ ಸಿಎಲ್ ಕಳೆಯುವ ಪದ್ಧತಿ ಇದೆ. ಆದರೆ ಅಲ್ಲಿ ಸರಿಯಾದ ಕಾರಣ ಇದ್ದರೆ ತಿಂಗಳಲ್ಲಿ ಎರಡು ಸಲ, ಒಂದು ಗಂಟೆಯೊಳಗಿನ ತಡವನ್ನು ಮನ್ನಿಸಲು ಅವಕಾಶವೂ ಇದೆ. ದುಡಿದು ಗಳಿಸಿದ ರಜೆಯನ್ನು, ಅಂದರೆ ಅರ್ನ್ಡ್ ಲೀವನ್ನು, ಲೇಟಿಗೆ ಶಿಕ್ಷೆಯಾಗಿ ಕಳೆದರೆ ಮಾತ್ರ ಪ್ರಶ್ನಿಸಿ. ಅದು ಕಾನೂನು ಕೊಟ್ಟ ರಜೆ, ಪಾಲಿಸಿ ಕೊಟ್ಟಿದ್ದಲ್ಲ.

ಇನ್ನೊಂದು ಎಚ್ಚರಿಕೆ. ಕಡಿತಕ್ಕೆ ಸಿಟ್ಟಾಗಿ ಲೈನ್‌ನವರೆಲ್ಲ ಸೇರಿ ಗೇಟ್ ಹೊರಗೆ ನಿಂತುಬಿಡಬೇಡಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಮಾತಾಡಿಕೊಂಡು, ಒಪ್ಪಂದದ ಪ್ರಕಾರ ಕೊಡಬೇಕಾದ ನೋಟಿಸ್ ಕೊಡದೆ, ಸರಿಯಾದ ಕಾರಣವೂ ಇಲ್ಲದೆ ಗೈರಾದರೆ ಎಂಟು ದಿನದವರೆಗಿನ ಸಂಬಳ ಹಿಡಿಯಲು ವೇತನ ಸಂಹಿತೆಯ ಅದೇ 20ನೇ ಕಲಂ ಅವಕಾಶ ಕೊಡುತ್ತದೆ. 65 ರೂಪಾಯಿ ಜಗಳ 5,500 ರೂಪಾಯಿಗೆ ಏರುತ್ತದೆ.

ಹಂತ 4: ದಾಖಲೆ ಮಾಡಿಕೊಳ್ಳಿ, ಅದೂ ಅವತ್ತೇ

ಪಂಚಿಂಗ್ ಮೆಷಿನ್ ಅವರದ್ದು, ಸಾಫ್ಟ್‌ವೇರ್ ಅವರದ್ದು. ನಿಮ್ಮ ಹತ್ತಿರವೂ ಏನಾದರೂ ಇರಬೇಕಲ್ಲ? ದುಬಾರಿ ಏನೂ ಬೇಡ. ಒಂದು ಚಿಕ್ಕ ಡೈರಿ ಅಥವಾ ಮೊಬೈಲ್‌ನಲ್ಲಿ ಹೀಗೆ ಬರೆಯಿರಿ: ಗೇಟಿಗೆ ಬಂದ ಹೊತ್ತು, ಪಂಚ್ ಆದ ಹೊತ್ತು, ಕಾರಣ, ಯಾರಿಗೆ ತಿಳಿಸಿದಿರಿ, ಸಂಜೆ ಹೊರಟ ಹೊತ್ತು.

ಗೇಟ್ ಮತ್ತು ಪಂಚ್ ಅನ್ನು ಬೇರೆ ಬೇರೆ ಬರೆಯಲು ಹೇಳಿದ್ದಕ್ಕೆ ಕಾರಣ ಇದೆ. ದೊಡ್ಡ ಗಾರ್ಮೆಂಟ್ಸ್‌ನಲ್ಲಿ ನೂರಾರು ಜನಕ್ಕೆ ಎರಡೋ ಮೂರೋ ಮೆಷಿನ್. 8:55ಕ್ಕೆ ಗೇಟಿನ ಒಳಗೆ ಬಂದವರ ಬೆರಳು 9:07ಕ್ಕೆ ಮೆಷಿನ್ ಮೇಲೆ ಬೀಳುತ್ತದೆ. ಸೋಪು ನೀರಿನಲ್ಲಿ ಸವೆದ ಬೆರಳನ್ನು ಮೆಷಿನ್ ಓದುವುದೂ ಇಲ್ಲ. ಇಂಥದ್ದು ಆದ ದಿನವೇ ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಿ: "ಸರ್, 8:55ಕ್ಕೆ ಬಂದಿದ್ದೇನೆ, ಕ್ಯೂ ಇತ್ತು, 9:07ಕ್ಕೆ ಪಂಚ್ ಆಗಿದೆ." ಅಷ್ಟು ಸಾಕು. ಕಂಪನಿಯದೇ ಬಸ್ ತಡವಾಗಿ ಬಂದಿದ್ದರೆ ಅದನ್ನೂ ಹೀಗೇ ಬರೆದು ಹಾಕಿ, ಬಸ್ಸಿನ ರೂಟ್ ನಂಬರ್ ಸಮೇತ.

ಗೇಟಿನಿಂದಲೇ ವಾಪಸ್ ಕಳಿಸಿದರೆ ಯಾರು ಕಳಿಸಿದರು, ಎಷ್ಟು ಹೊತ್ತಿಗೆ ಅನ್ನುವುದನ್ನು ಬರೆದು ಎಚ್‌ಆರ್‌ಗೆ ಮೆಸೇಜ್ ಹಾಕಿ: "ನಾನು ಕೆಲಸಕ್ಕೆ ಸಿದ್ಧನಿದ್ದೇನೆ, ಒಳಗೆ ಬಿಟ್ಟಿಲ್ಲ." ಈ ಸಾಲು ಇಲ್ಲದಿದ್ದರೆ ಆಮೇಲೆ ಅದು 'ಹೇಳದೆ ಕೇಳದೆ ಗೈರು' ಆಗಿ ದಾಖಲಾಗುತ್ತದೆ.

ಪೇ ಸ್ಲಿಪ್‌ಗಳನ್ನು ಮನೆಯ ಇಮೇಲ್‌ಗೆ ಕಳಿಸಿಕೊಂಡಿರಿ. ಕೆಲಸ ಹೋದ ದಿನ ಮೊದಲು ಮುಚ್ಚುವುದು ಆಫೀಸ್ ಲಾಗಿನ್ನೇ.

ಹಂತ 5: ಮೆಮೊ ಬಂದರೆ ಉತ್ತರ ಕೊಡಿ

ಮೆಮೊ, ವಾರ್ನಿಂಗ್ ಲೆಟರ್, ಶೋಕಾಸ್ ನೋಟಿಸ್ (ಕಾರಣ ಕೇಳುವ ನೋಟಿಸ್), ಹೆಸರು ಏನೇ ಇರಲಿ, ಸುಮ್ನೆ ಇಡಬೇಡಿ. ಉತ್ತರ ಕೊಡದ ಮೂರು ಮೆಮೊ ಸೇರಿದರೆ 'ರೂಢಿ' ಅನ್ನುವುದಕ್ಕೆ ನೀವೇ ಸಾಕ್ಷಿ ಒದಗಿಸಿದ ಹಾಗೆ.

ತೆಗೆದುಕೊಳ್ಳಲು ನಿರಾಕರಿಸುವುದೂ ಪ್ರಯೋಜನವಿಲ್ಲ. ಅಂಚೆಯಲ್ಲಿ ಮನೆಗೆ ಬರುತ್ತದೆ. ಸಹಿ ಹಾಕಿ ತೆಗೆದುಕೊಳ್ಳಿ, ಆದರೆ ಸಹಿಯ ಪಕ್ಕ "ಪ್ರತಿ ತಲುಪಿದೆ" ಎಂದು ಬರೆದು ತಾರೀಖು ಹಾಕಿ. "ತಪ್ಪೊಪ್ಪಿಕೊಂಡಿದ್ದೇನೆ" ಎಂದು ಮೊದಲೇ ಟೈಪ್ ಮಾಡಿದ ಹಾಳೆಗೆ ಅವಸರದಲ್ಲಿ ಸಹಿ ಹಾಕಬೇಡಿ. ಮನೆಗೆ ತೆಗೆದುಕೊಂಡು ಹೋಗಿ ಓದುತ್ತೇನೆ ಅನ್ನಿ. ಇಂಗ್ಲಿಷ್‌ನಲ್ಲಿದ್ದು ಅರ್ಥವಾಗದಿದ್ದರೆ ಕನ್ನಡದಲ್ಲಿ ಕೊಡಿ ಎಂದು ಕೇಳಿ, ನಾಚಿಕೆ ಬೇಡ.

ಉತ್ತರ ಹೀಗಿರಲಿ:

*ಇವರಿಗೆ,*
*ಮಾನವ ಸಂಪನ್ಮೂಲ ವಿಭಾಗ*
*ವಿಷಯ: (ತಾರೀಖು) ಮೆಮೊಗೆ ಉತ್ತರ*

*ಮಾನ್ಯರೇ,*
*ಈ ತಿಂಗಳಲ್ಲಿ ಐದು ದಿನ ತಡವಾಗಿ ಬಂದಿದ್ದೇನೆ ಎಂದು ಮೆಮೊದಲ್ಲಿ ತಿಳಿಸಿದ್ದೀರಿ. ಇದರಲ್ಲಿ (ತಾರೀಖು) ಮತ್ತು (ತಾರೀಖು) ನಾನು 8:55ಕ್ಕೇ ಗೇಟಿನ ಒಳಗೆ ಬಂದಿದ್ದು, ಪಂಚಿಂಗ್ ಸಾಲಿನಿಂದ ತಡವಾಗಿ ದಾಖಲಾಗಿದೆ. ಅಂದೇ ಸೂಪರ್‌ವೈಸರ್‌ಗೆ ತಿಳಿಸಿದ ಮೆಸೇಜ್ ಲಗತ್ತಿಸಿದ್ದೇನೆ. (ತಾರೀಖು) ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ, ಚೀಟಿ ಲಗತ್ತಿಸಿದ್ದೇನೆ. ಉಳಿದ ಎರಡು ದಿನ 10 ಮತ್ತು 15 ನಿಮಿಷ ತಡವಾಗಿದ್ದು ನಿಜ. ಮುಂದೆ ಹಾಗಾಗದಂತೆ ನೋಡಿಕೊಳ್ಳುತ್ತೇನೆ. ನನ್ನ ಹಾಜರಿ ದಾಖಲೆಯ ಪ್ರತಿಯನ್ನು, ಮತ್ತು ಅರ್ಧ ದಿನದ ಸಂಬಳ ಕಡಿತ ಯಾವ ನಿಯಮದಡಿ ಆಗಿದೆ ಎಂಬುದನ್ನು ದಯವಿಟ್ಟು ಬರವಣಿಗೆಯಲ್ಲಿ ಕೊಡಬೇಕೆಂದು ಕೋರುತ್ತೇನೆ.*

ಗಮನಿಸಿ, ನಿಜವಾಗಿ ತಡವಾದ ಎರಡು ದಿನವನ್ನು ಪತ್ರ ಒಪ್ಪಿಕೊಂಡಿದೆ. ಎಲ್ಲವನ್ನೂ ಅಲ್ಲಗಳೆದರೆ ಒಂದೇ ಒಂದು ಸಿಸಿಟಿವಿ ತುಣುಕು ನಿಮ್ಮ ಇಡೀ ಉತ್ತರವನ್ನು ಸುಳ್ಳು ಮಾಡುತ್ತದೆ. ಇನ್ನು ಕೊನೆಯ ಸಾಲು ಬೆದರಿಕೆಯಲ್ಲ, ಬರೀ ಪ್ರಶ್ನೆ. ಅನುಭವಸ್ಥ ಎಚ್‌ಆರ್‌ಗೆ ಅದರ ಅರ್ಥ ಆಗುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಸೀಲು ಹಾಕದಿದ್ದರೆ ಇಮೇಲ್ ಅಥವಾ ಅಂಚೆಯಲ್ಲಿ ಕಳಿಸಿ ರಸೀದಿ ಇಡಿ.

ಹಂತ 6: ಚಾರ್ಜ್‌ಶೀಟ್ ಕೊಟ್ಟು ವಿಚಾರಣೆ ಶುರು ಮಾಡಿದರೆ

ಇದಕ್ಕೆ 'ಡೊಮೆಸ್ಟಿಕ್ ಎನ್‌ಕ್ವೈರಿ' ಅನ್ನುತ್ತಾರೆ. ಕೋರ್ಟ್ ಅಲ್ಲ, ಕಂಪನಿಯ ಒಳಗೇ ನಡೆಯುವ ವಿಚಾರಣೆ. ಕರೆದ ದಿನ ಹೋಗಲೇಬೇಕು. ನೀವು ಹೋಗದಿದ್ದರೆ ನಿಮ್ಮ ಗೈರಿನಲ್ಲೇ ಮುಗಿಸುತ್ತಾರೆ, ಅದು ಊರ್ಜಿತವೂ ಆಗಬಹುದು.

ಅಲ್ಲಿ ಕೇಳಬೇಕಾದ್ದು ಇಷ್ಟು. ಯಾವ ದಿನ ಎಷ್ಟು ನಿಮಿಷ ತಡ ಅನ್ನುವುದು ಆರೋಪಪಟ್ಟಿಯಲ್ಲಿ ಸ್ಪಷ್ಟವಾಗಿ ಇರಬೇಕು. "ಆಗಾಗ ತಡವಾಗಿ ಬರುತ್ತಾರೆ" ಅಂದರೆ ಯಾರಿಗಾದರೂ ಹೇಗೆ ಉತ್ತರ ಕೊಡಲು ಸಾಧ್ಯ? ಅವರು ನಂಬಿರುವ ದಾಖಲೆಗಳ ಪ್ರತಿ ಕೊಡಬೇಕು. ಅವರ ಸಾಕ್ಷಿಗಳಿಗೆ ಪಾಟೀ ಸವಾಲು ಹಾಕಲು, ನಿಮ್ಮ ಸಾಕ್ಷಿ ಕರೆಯಲು ಅವಕಾಶ ಇರಬೇಕು. ಸಾಮಾನ್ಯವಾಗಿ ವಕೀಲರನ್ನು ಬಿಡುವುದಿಲ್ಲ, ಆದರೆ ಸಹೋದ್ಯೋಗಿಯನ್ನೋ ಯೂನಿಯನ್‌ನವರನ್ನೋ ಜೊತೆಗೆ ಕೇಳಬಹುದು. ವಿಚಾರಣೆಯನ್ನು ಕಾರ್ಮಿಕ ಬಯಸಿದರೆ ರಾಜ್ಯದ ಭಾಷೆಯಲ್ಲೇ ದಾಖಲಿಸಬೇಕು ಎಂದು ಕೇಂದ್ರದ ಮಾದರಿ ಸ್ಥಾಯಿ ಆದೇಶಗಳಲ್ಲೇ ಇದೆ. ಅದನ್ನು ತೋರಿಸಿ ಕನ್ನಡದಲ್ಲಿ ಕೇಳಿ. ಪ್ರತಿ ದಿನದ ನಡಾವಳಿಗೆ ಓದಿಯೇ ಸಹಿ ಮಾಡಿ, ಹೇಳದ ಮಾತು ಸೇರಿದ್ದರೆ ಅಲ್ಲೇ ಆಕ್ಷೇಪ ಬರೆಯಿರಿ.

ವಿಚಾರಣೆ ಮುಗಿಯುವವರೆಗೆ ಕಾರ್ಮಿಕರನ್ನು ಸಸ್ಪೆಂಡ್ ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಸಿಗಬೇಕು. ಆಮೇಲೂ ಎಳೆದರೆ, ತಡಕ್ಕೆ ನೀವು ಕಾರಣರಲ್ಲದಿದ್ದರೆ, ಅದು ನೂರಕ್ಕೆ 75 ಆಗುತ್ತದೆ.

ವಿಚಾರಣೆಯನ್ನೇ ಮಾಡದೆ "ನೀವೇ ಕೆಲಸ ಬಿಟ್ಟಿದ್ದೀರಿ" ಎಂದು ಹೆಸರು ತೆಗೆದುಹಾಕುವ ಚಾಳಿಯೂ ಇದೆ. 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಎಂಟು ದಿನಕ್ಕಿಂತ ಜಾಸ್ತಿ ಗೈರಾದರೆ ತಾನಾಗಿಯೇ ಕೆಲಸ ಹೋಗುತ್ತದೆ ಎಂದು ಆ ಕಂಪನಿಯ ಸ್ಥಾಯಿ ಆದೇಶದಲ್ಲೇ ಇತ್ತು. ಹಾಗಿದ್ದರೂ ಅವರ ಮಾತು ಕೇಳದೆ ತೆಗೆದದ್ದು ತಪ್ಪು ಎಂದು ಕೋರ್ಟ್ ಹೇಳಿ, ಅರ್ಧ ಹಿಂಬಾಕಿ ಸಂಬಳದೊಂದಿಗೆ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಲು ಆದೇಶಿಸಿತು. ದಿನಗಟ್ಟಲೆ ಗೈರಾದವರಿಗೇ ಈ ರಕ್ಷಣೆ ಇದ್ದರೆ, ಕಾಲು ಗಂಟೆ ತಡವಾದವರಿಗೆ ಇಲ್ಲವೇ?

ಹಂತ 7: ರಾಜೀನಾಮೆ ಬರೆದು ಕೊಡಿ ಅಂದರೆ

ಬರೆಯಬೇಡಿ. "ಡಿಸ್ಮಿಸ್ ಮಾಡಿದರೆ ನಿಮ್ಮ ರೆಕಾರ್ಡ್ ಹಾಳಾಗುತ್ತೆ ಅಮ್ಮ, ನೀವೇ ಬರೆದು ಕೊಟ್ಟರೆ ಒಳ್ಳೇದು" ಎಂದು ಬಹಳ ಮೆತ್ತಗೆ ಹೇಳುತ್ತಾರೆ. ಆ ಹಾಳೆಗೆ ಸಹಿ ಬಿದ್ದರೆ ಅದು ಅವರು ತೆಗೆದದ್ದಲ್ಲ, ನೀವು ಬಿಟ್ಟದ್ದು. ಒತ್ತಾಯದಿಂದ ಬರೆಸಿಕೊಂಡರು ಎಂದು ಆಮೇಲೆ ಸಾಬೀತು ಮಾಡುವ ಹೊರೆ ನಿಮ್ಮ ತಲೆಗೇ ಬರುತ್ತದೆ. ಬೇರೆ ಕೆಲಸ ಸಿಕ್ಕಿ ನೀವೇ ಹೋಗುವುದಾದರೆ ಬೇರೆ ಮಾತು. ಇಲ್ಲದಿದ್ದರೆ "ಏನು ಮಾಡುವುದಿದ್ದರೂ ಬರವಣಿಗೆಯಲ್ಲಿ ಮಾಡಿ" ಅನ್ನಿ. ಕೋಣೆಯಲ್ಲಿ ಕೂರಿಸಿ ಬರೆಸಿಕೊಂಡಿದ್ದರೆ ಅವತ್ತೇ ರಾತ್ರಿ ಇಮೇಲ್ ಮಾಡಿ ಅದನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ತಿಳಿಸಿ. ಒಂದು ವಾರ ಬಿಟ್ಟು ಮಾಡಿದರೆ ಅದರ ತೂಕ ಕಡಿಮೆ.

ಹಂತ 8: ದೂರು ಎಲ್ಲಿ, ಯಾವಾಗ

ಮೊದಲು ಒಳಗೇ ಪ್ರಯತ್ನಿಸಿ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಸಮಸ್ಯೆ ಆದ ಒಂದು ವರ್ಷದೊಳಗೆ ಅರ್ಜಿ ಕೊಡಿ, 30 ದಿನದಲ್ಲಿ ಅವರು ಮುಗಿಸಬೇಕು.

ಸಂಬಳ ಕಡಿತಕ್ಕೆ ವೇತನ ಸಂಹಿತೆಯ ಅಡಿಯಲ್ಲಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ತಪ್ಪು ಕಡಿತ ಎಂದು ತೀರ್ಮಾನವಾದರೆ ಹಣ ವಾಪಸ್ ಕೊಡಿಸುವುದಲ್ಲದೆ, ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅಧಿಕಾರಿಗೆ ಇದೆ. ನಿಮ್ಮ ಪ್ರದೇಶದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರೆ ಯಾರ ಮುಂದೆ ಅರ್ಜಿ ಹಾಕಬೇಕು ಎಂದು ತಿಳಿಯುತ್ತದೆ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ಆರು ತಿಂಗಳ ಪೇ ಸ್ಲಿಪ್, ಡೈರಿ, ಮೆಮೊ ಮತ್ತು ನಿಮ್ಮ ಉತ್ತರದ ಪ್ರತಿ ಕೈಯಲ್ಲಿರಲಿ.

ಕೆಲಸದಿಂದ ತೆಗೆದಿದ್ದರೆ ಕಾರ್ಮಿಕರು ಮೊದಲು ಸಂಧಾನಾಧಿಕಾರಿಯ (ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ನೋಡುವ ಸರ್ಕಾರಿ ಅಧಿಕಾರಿ) ಹತ್ತಿರ ಹೋಗಬೇಕು. 45 ದಿನದಲ್ಲಿ ಬಗೆಹರಿಯದಿದ್ದರೆ ಕೈಗಾರಿಕಾ ನ್ಯಾಯಮಂಡಳಿಗೆ ನೇರವಾಗಿ ಹೋಗಬಹುದು. ಹೊಸ ಸಂಹಿತೆಯಲ್ಲಿ ಇದರ ಅವಧಿ ಎರಡು ವರ್ಷ, ಹಳೆಯ ಕಾಯ್ದೆಯಲ್ಲಿ ಮೂರು ಇತ್ತು. ಹಳೇ ಲೆಕ್ಕ ನಂಬಿಕೊಂಡು ಕೂರಬೇಡಿ. ಶಿಕ್ಷೆ ತಪ್ಪಿಗಿಂತ ಭಾರವಾಯಿತು ಅನ್ನಿಸಿದರೆ ಅದನ್ನು ಕಡಿಮೆ ಮಾಡುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಹತ್ತು ವರ್ಷ ದುಡಿದವರನ್ನು ಲೇಟ್ ಒಂದಕ್ಕೇ ತೆಗೆದ ಪ್ರಕರಣಗಳಲ್ಲಿ ಇದೇ ದೊಡ್ಡ ವಾದ. ಅಂಗಡಿ ಕಾಯ್ದೆಯಡಿ ಬರುವವರಿಗೆ ಮೇಲ್ಮನವಿಯ ದಾರಿ ಬೇರೆ ಇದೆ, ಆದೇಶ ಕೈಗೆ ಬಂದ ವಾರದಲ್ಲೇ ವಿಚಾರಿಸಿ.

ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, 15100ಕ್ಕೆ ಫೋನ್ ಕೂಡ ಮಾಡಬಹುದು.

ಒಂದು ವೇಳೆ ಕೆಲಸ ಹೋಗಿಯೇ ಬಿಟ್ಟರೆ, ಜಗಳ ಎಲ್ಲಿಗೇ ಹೋಗಲಿ, ಅಲ್ಲಿಯವರೆಗೆ ದುಡಿದ ಸಂಬಳಕ್ಕೂ ಅದಕ್ಕೂ ಸಂಬಂಧ ಇಲ್ಲ. ತೆಗೆದುಹಾಕಿದ ಎರಡು ಕೆಲಸದ ದಿನದೊಳಗೆ ಆ ಬಾಕಿ ನಿಮ್ಮ ಖಾತೆಗೆ ಬರಬೇಕು. "ಫುಲ್ ಅಂಡ್ ಫೈನಲ್‌ಗೆ 45 ದಿನ ಆಗುತ್ತೆ" ಅಂದರೆ ವೇತನ ಸಂಹಿತೆಯ 17ನೇ ಕಲಂ ನೋಡಿ ಅನ್ನಿ. "ಇನ್ನು ಯಾವ ಬಾಕಿಯೂ ಇಲ್ಲ, ಮುಂದೆ ಏನೂ ಕೇಳುವುದಿಲ್ಲ" ಅನ್ನುವ ಹಾಳೆಗೆ ಸಹಿ ಕೇಳಿದರೆ, ಹಣ ಖಾತೆಗೆ ಬಂದು ಲೆಕ್ಕ ತಾಳೆಯಾಗುವವರೆಗೆ ಪೆನ್ನು ಹಿಡಿಯಬೇಡಿ.